ಮೇಣ ಬೆರೆಸಿದ ಮಣ್ಣು

ಬಾಣಲೆಯಲ್ಲಿ ಮಣ್ಣು ಬಿಸಿಯಾಗುತ್ತಿತ್ತು. ಗಾರ್ಗಿ ಕೈ ನಿಲ್ಲಿಸದೆ ಮಗುಚುತ್ತಿದ್ದಳು. ಕಣ್ಣು ಮಾತ್ರ ಕಿಟಕಿಯಾಚೆ, ಹಿತ್ತಲ ಗೇಟಿನ ಮೇಲಿತ್ತು. ಅಗುಳಿ ಹಾಕಿತ್ತು. ಬೆಳಿಗ್ಗೆಯಿಂದ ನಾಲ್ಕನೆಯ ಸಲ ನೋಡುತ್ತಿದ್ದಳು.

“ಉಪ್ಪಿಟ್ಟಿಗೆ ರವಾ ಹುರಿಲಿಕ್ಹತ್ತೀ ಅಂತ ಬಂದೆ,” ಎಂದರು ತಾಯಿ ಕೃಷ್ಣವೇಣಿ, ಬಾಗಿಲಲ್ಲಿ ನಿಂತು. “ಮಣ್ಣ ಹುರಿಯೂದು ನೋಡಲಿಕ್ಕೆ ಧಾರವಾಡದಿಂದ ಲಂಡನ್ನಿಗೆ ಬರಬೇಕಾತೇನು?”

“ನರಿ ಬರ್ತದವ್ವಾ. ಹಿಡೀಬೇಕು.”

“ಬೋನಿಗೆ ಮಣ್ಣ ಯಾಕ?”

“ಕಾಲ ಹಿಡಿಯೂ ಬೋನು ನೆಲದಾಗ ಹುಗೀತಾರ, ಅದರ ಮ್ಯಾಲೆ ಮುಚ್ಚಲಿಕ್ಕೆ. ಮೇಣ ಕೂಡಿಸಿದ್ರ ಮಳಿಗೆ ತೋಯೂದಿಲ್ಲ, ಥಂಡಿಗೆ ಗಟ್ಟಿ ಆಗೂದಿಲ್ಲ. ಅಮೆರಿಕಾದ ಬೇಟೆಗಾರರು ಚಳಿಗಾಲದಾಗ ಹಿಂಗ ಮಾಡ್ತಾರ. ವಿಡಿಯೋದಾಗ ನೋಡೀನಿ.”

ಇದು ಅರ್ಧ ನಿಜ. ಗಾರ್ಗಿಯ ಬಳಿ ಬೋನು ಇರಲಿಲ್ಲ. ಅವಳಿಗೆ ಯಾರ ಕಾಲೂ ಬೇಕಿರಲಿಲ್ಲ, ಹೆಜ್ಜೆ ಸಾಕಿತ್ತು. ತಾಯಿ ಹೆದರುತ್ತಾರೆಂದು ಅಷ್ಟನ್ನು ನುಂಗಿಕೊಂಡಳು.

ಗಂಡ ಅಭಿಜಿತ್ ಅವಳ ಹತ್ತಿರವಾಗಲಿ, ಆರು ವರ್ಷದ ಪ್ರಾಚಿಯ ಹತ್ತಿರವಾಗಲಿ ಸುಳಿಯಬಾರದೆಂದು ಕೋರ್ಟು ಆದೇಶ ಕೊಟ್ಟಿತ್ತು. ಅಂದು ಕೋರ್ಟಿನ ಮೊಗಸಾಲೆಯಲ್ಲಿ, ಪಕ್ಕದಲ್ಲಿದ್ದ ಕಾವಲಿನವನಿಗೆ ತಿಳಿಯದಂತೆ, ಅವನು ನಗುನಗುತ್ತ ಕನ್ನಡದಲ್ಲಿ ಹೇಳಿದ್ದ: “ಮಗಳನ್ನ ಒಯ್ತೇನಿ. ನೀ ನೋಡಕೋತ ನಿಂದರು.” ಮರುವಾರವೇ ಅವಳು ಹೌನ್ಸ್ಲೋದ ಈ ಬಾಡಿಗೆ ಮನೆಗೆ ಬಂದಿದ್ದಳು. ವಿಳಾಸ ವಕೀಲರಿಗೆ, ಶಾಲೆಗೆ ಬಿಟ್ಟರೆ ಹೊರಗಿನ ಯಾರಿಗೂ ತಿಳಿದಿರಲಿಲ್ಲ.

ಆದರೂ ಅವನು ಬರುತ್ತಿದ್ದ. ಗಾರ್ಗಿಗೆ ಅನುಮಾನವೇ ಇರಲಿಲ್ಲ. ಮೊದಲು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಪ್ರಾಚಿಯ ಚಿತ್ರ ಮಾಯವಾಯಿತು. ಆಮೇಲೆ ಹಿಂಬಾಗಿಲ ಬಳಿ ಅವನ ಸಿಗರೇಟಿನ ವಾಸನೆ. ಕಳೆದ ಗುರುವಾರ ಕೆಲಸದಿಂದ ಬಂದಾಗ ಗೇಟಿನ ಅಗುಳಿ ಸರಿದಿತ್ತು. ಎಲ್ಲವೂ ನಡೆದದ್ದು ಅವಳು ಆಸ್ಪತ್ರೆಯ ಔಷಧಾಲಯದಲ್ಲಿದ್ದಾಗ, ತಾಯಿ ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ. ಮಹಡಿಯಲ್ಲಿ ಮಲಗಿದ ಅರವತ್ತೆಂಟರ ಹೆಂಗಸು, ಕೆಳಗೆ ಅವನು.

ಪೊಲೀಸಿನವಳು ಬಾಗಿಲನ್ನು ಎರಡು ಸಲ ನೋಡಿದಳು. ಒಡೆದ ಗುರುತಿಲ್ಲ, ಸಾಕ್ಷಿ ಸಿಕ್ಕರೆ ಕರೆಯಿರಿ, ಎಂದಳು. ಗಾರ್ಗಿ ಕ್ಯಾಮೆರಾ ತಂದಳು. ಬೇಕಾದ ದಿನವೇ ಅದರ ಪ್ಲಗ್ ಕಿತ್ತಿತ್ತು.

“ಮಿಕ್ಸರ್ ಹಚ್ಚಬೇಕಿತ್ತು,” ಎಂದಿದ್ದರು ತಾಯಿ. “ನಾ ಇರ್ತೇನಲ್ಲ ಮನ್ಯಾಗ? ನನಕಿಂತ ಆ ಡಬ್ಬಿ ಮ್ಯಾಲೆ ನಂಬಿಗಿ ಹೆಚ್ಚಾತೇನು?”

ಬಯ್ಯಲು ಮನಸ್ಸು ಬರಲಿಲ್ಲ. ಮೊಣಕಾಲು ನೋವಿಟ್ಟುಕೊಂಡು ಮಗಳಿಗಾಗಿ ಒಬ್ಬರೇ ವಿಮಾನ ಹತ್ತಿ ಬಂದವರು.

ಉಳಿದದ್ದು ನೆಲ. ಹಿಂಬಾಗಿಲಿಗೆ ತಾಗಿದ ಕಲ್ಲು ಚಪ್ಪಡಿ ಕಿತ್ತುಹೋಗಿತ್ತು. ಒಳಗೆ ಬರುವವರು ಆ ಜಾಗ ತುಳಿಯಲೇಬೇಕು. ಆದರೆ ಜಿಟಿಜಿಟಿ ಮಳೆಗೆ ಅಲ್ಲಿ ಯಾವ ಹೆಜ್ಜೆಯೂ ಒಂದು ಗಂಟೆ ಉಳಿಯುತ್ತಿರಲಿಲ್ಲ. ಅದಕ್ಕೇ ಈ ಮಣ್ಣು: ಓವನ್ನಿನಲ್ಲಿ ಒಣಗಿಸಿ, ಜರಡಿ ಹಿಡಿದು, ಈಗ ಬಿಸಿ ಮಾಡಿ.

ಅವಳು ತುರಿಮಣೆ ಹಿಡಿದು ಬಿಳಿ ಮೇಣದ ಬತ್ತಿಯನ್ನು ಬಾಣಲೆಗೆ ತುರಿಯತೊಡಗಿದಳು.

“ಆತು ಬಿಡು, ಇನ್ನ ಅದರಾಗ ಕೊಬ್ಬರಿ ಹೆರಿಯಂಗಿಲ್ಲ,” ತಾಯಿ ನಿಟ್ಟುಸಿರು ಬಿಟ್ಟರು. “ಎಷ್ಟ ಅಂಜತೀ ಗಾರ್ಗಿ. ಅವರೇನು ಹುಲಿ ಏನು? ಕೂಸಿನ ತಂದೀ ಅಲ್ಲೇನು?” ಎಂದರು.

“ಹುಲಿ ಅಲ್ಲವ್ವಾ. ಹುಲಿ ಹೇಳಿ ಬರೂದಿಲ್ಲ. ಅಂವಾ ಹೇಳ್ಯಾನ.”

ಪ್ರಾಚಿ ಓಡಿಬಂದು ಮೂಸಿದಳು. “ಮಮ್ಮಿ, ಇಟ್ ಸ್ಮೆಲ್ಸ್ ಲೈಕ್ ಅ ಬರ್ತ್‌ಡೇ!”

ಮಣ್ಣು ಗಂಟಾಗದಂತೆ, ತಣಿಯುವವರೆಗೂ ಗಾರ್ಗಿ ಮಗುಚಿದಳು. ಮುಷ್ಟಿ ಹಿಡಿದು ಬಿಟ್ಟಾಗ ಬೆರಳಿನ ಗೆರೆಗಳೆಲ್ಲ ಮೂಡಿದವು.

ಗುರುವಾರ ಬೆಳಿಗ್ಗೆ ಅದನ್ನು ಹಿಂಬಾಗಿಲ ಮುಂದೆ ಹರಡಿ, ಅಂಗೈಯಿಂದ ಸಮ ಮಾಡಿ, ಬೋನು ನಾಳೆ ಬರುತ್ತದೆಂದು ತಾಯಿಗೆ ಹೇಳಿ ಕೆಲಸಕ್ಕೆ ಹೋದಳು.

ಹನ್ನೊಂದಕ್ಕೆ ಫೋನು. “ಮಳಿ ಭಾಳ ಅದ. ಇವತ್ತ ಪ್ರಾಚೀನ್ನ ನಾನ ಕರಕೊಂಡ ಬರ್ತೇನಿ,” ಎಂದರು ತಾಯಿ. “ಸಾಲ್ಯಾಗ ಅದೇನೋ ಗುಟ್ಟಿನ ಮಾತು ಕೇಳ್ತಾರಲ್ಲ, ಏನದು?”

ಆ ಗುಪ್ತಪದದ ಏರ್ಪಾಡು ಮಾಡಿಸಿದವಳು ಗಾರ್ಗಿಯೇ. ಅದನ್ನು ಹೇಳದವರ ಕೈಗೆ ಮಗುವನ್ನು ಕೊಡಕೂಡದು. ಹೇಳಿದಳು. ಅಭಿಜಿತ್ ಶಾಲೆಯ ಬಳಿ ಕಾದಿದ್ದರೂ ಅವ್ವನ ಕೈಯಲ್ಲಿದ್ದರೆ ಮಗು ಕ್ಷೇಮ. ಎದೆ ತುಸು ಹಗುರಾಯಿತು.

ಆದರೂ ಕೂರಲಾಗಲಿಲ್ಲ. ಎರಡಕ್ಕೇ ಅನುಮತಿ ಕೇಳಿ ಮನೆಗೆ ಬಂದಳು. ತಾಯಿ ಇರಲಿಲ್ಲ. ಶಾಲೆ ಬಿಡಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಬೇಗ ಹೋಗಿ ಕಾದಿರಬೇಕು. ನೇರ ಹಿಂಬಾಗಿಲು ತೆರೆದಳು.

ಮಣ್ಣಿನ ಮೇಲೆ ಮಳೆಹನಿ ಮಣಿಮಣಿಯಾಗಿ ನಿಂತಿತ್ತು. ಹನಿಗಳ ನಡುವೆ ಗಂಡಸಿನ ದೊಡ್ಡ ಹೆಜ್ಜೆ, ಮನೆಯ ಕಡೆಗೆ.

ಕೊನೆಗೂ. ಫೋನು ಹಿಡಿದು ಫೋಟೋ ತೆಗೆಯಲು ಬಾಗಿದಳು. ಆಗ ಕಂಡಿತು. ಬೂಟಿನ ಅಚ್ಚಿರಲಿಲ್ಲ, ಕಾಲುಚೀಲದ ನೇಯ್ಗೆ ಇತ್ತು. ಬಂದವನು ಬೂಟು ಹೊರಗೆ ಕಳಚಿಟ್ಟು ಒಳಗೆ ಬಂದಿದ್ದ. ನೆಂಟರ ಮನೆಗೆ ಬರುವವರ ಹಾಗೆ.

ಪಕ್ಕದಲ್ಲಿ ಬರಿಗಾಲಿನ ಸಣ್ಣ ಹೆಜ್ಜೆ. ಎರಡನೆಯ ಬೆರಳಿನ ಬುಡಕ್ಕೆ ಕಾಲುಂಗುರದ ಗೆರೆ. ಗಾರ್ಗಿ ತನ್ನದನ್ನು ಯಾವಾಗಲೋ ತೆಗೆದಿಟ್ಟಿದ್ದಳು; ಮನೆಯಲ್ಲಿ ಕಾಲುಂಗುರ ತೊಡುವವರು ಅವ್ವ ಒಬ್ಬರೇ. ಆ ಹೆಜ್ಜೆ ಒಮ್ಮೆ ಗೇಟಿನ ಕಡೆ ಹೋಗಿತ್ತು. ಒಮ್ಮೆ ದೊಡ್ಡ ಹೆಜ್ಜೆಯ ಜೊತೆಜೊತೆಗೇ ಮರಳಿತ್ತು.

ಶಾಲೆಗೆ ಫೋನು ಮಾಡಿದಳು. ಮಗಳ ಹೆಸರಷ್ಟೇ ಹೇಳಿದಳು.

“ಪ್ರಾಚಿ ಹನ್ನೆರಡಕ್ಕೇ ಹೋದಳಲ್ಲ?” ಎಂದಳು ಆಫೀಸಿನ ಹುಡುಗಿ ಉಲ್ಲಾಸದಿಂದ. “ಅಜ್ಜಿ ಸೂಟ್‌ಕೇಸ್ ತಂದಿದ್ದರು, ವಿಮಾನಕ್ಕೆ ಹೊತ್ತಾಗುತ್ತದೆ ಎಂದರು.”