ಹಳದಿ ಹಾಯಿಗೆ ಐದೇ ನಿಮಿಷ

"ಹಳದಿ ಹಾಯಿಯ ದೋಣಿಗೆ ಐದು ನಿಮಿಷ ವಿನಾಯಿತಿ!" ಎಂದು ನಿವೃತ್ತ ಗಣಿತ ಮೇಷ್ಟ್ರು ಕೂಗಿ ಹೇಳಿದ್ದೇ ತಡ, ಸರೋವರದ ದಡದಲ್ಲಿ ಗುಜುಗುಜು ಶುರುವಾಯಿತು. ಆ ದೋಣಿ ಅವರ ಸ್ವಂತ ಮಗಳದ್ದು.

ಸಹಾಯಾರ್ಥ ಪಂದ್ಯವೆಂದ ಮೇಲೆ ಕೇಳಬೇಕೇ, ಒಬ್ಬೊಬ್ಬರದು ಒಂದೊಂದು ಬಗೆಯ ಹಾಯಿದೋಣಿ. ಬಟ್ಟೆ ಅಂಗಡಿಯ ಸಾಹುಕಾರರದು ಹೊಸದು, ಹಗುರ, ಅದಕ್ಕೆ ವಿನಾಯಿತಿಯಿಲ್ಲ. ಉಳಿದವರವು ತೇಲಿದರೆ ಸಾಕೆನ್ನುವಂಥ ಮರದ ದೋಣಿಗಳು. ಎಲ್ಲರಿಗೂ ಗೆಲ್ಲುವ ಅವಕಾಶ ಇರಲೆಂದು, ಭಾರದ ದೋಣಿಗಳು ತೆಗೆದುಕೊಂಡ ಹೊತ್ತಿನಲ್ಲಿ ಇಷ್ಟಿಷ್ಟು ನಿಮಿಷ ಕಳೆಯುವುದು ರೂಢಿ. ಎಷ್ಟು ಕಳೆಯಬೇಕೆಂಬುದು ಮೇಷ್ಟ್ರಿಗೆ ಬಿಟ್ಟದ್ದು; ಅವರ ಮಾತಿಗೆ ಎದುರಾಡಿದವರಿಲ್ಲ. ಸೇರಿದ ಹಣವೆಲ್ಲ ಗೆದ್ದವರು ಹೇಳಿದ ಕೆಲಸಕ್ಕೆ ಹೋಗುತ್ತಿತ್ತು. ಈಗ ಕಿವಿ ಕೇಳದ ಮಕ್ಕಳ ಶಾಲೆಯ ವ್ಯಾನು ಕೆಟ್ಟು ಮೂಲೆ ಸೇರಿ, ದೂರದ ಮಕ್ಕಳೆಲ್ಲ ಮನೆಯಲ್ಲೇ ಕೂತಿದ್ದರು. ಅವರಲ್ಲಿ ಮೇಷ್ಟ್ರ ಮೊಮ್ಮಗಳೂ ಒಬ್ಬಳು. ಹೊಸ ವ್ಯಾನು ಬರಲೆಂದೇ ಮಗಳು ಇದ್ದಬದ್ದ ರಜೆಯನ್ನೆಲ್ಲ ನೀರಿನ ಮೇಲೆ ಕಳೆದು ದೋಣಿ ನಡೆಸುವುದನ್ನು ಕಲಿತಿದ್ದಳು.

ಅವಳು ಅಪ್ಪನ ಹತ್ತಿರ ಬಂದು ದನಿ ತಗ್ಗಿಸಿದಳು. "ಅಪ್ಪಾ, ಹೋದ ವರ್ಷ ಇದೇ ದೋಣಿಗೆ ಹತ್ತು ಕೊಟ್ಟಿದ್ರಿ."

"ಆಗ ಅದು ಬಡಗೀದು."

"ನಾನು ಕೊಂಡ್ಕೊಂಡ ತಕ್ಷಣ ದೋಣಿ ಹಗುರ ಆಗ್ಬಿಡ್ತಾ?"

"ನಾಲ್ಕು ಜನ ಆಡ್ಕೊಳ್ತಾರೆ ಕಣಮ್ಮ. ಸುಮ್ನೆ ಹೋಗು."

ಇದು ಮೊದಲ ಸಲವೇನಲ್ಲ. ತಮ್ಮದೇ ತರಗತಿಯಲ್ಲಿ ಕೂರುತ್ತಿದ್ದ ಮಗಳಿಗೆ ಸರಿಯುತ್ತರಕ್ಕೂ ಅರ್ಧ ಅಂಕ ಕತ್ತರಿಸಿದ ಮಹಾನುಭಾವ ಅವರು! ನ್ಯಾಯವಂತ ಅನ್ನಿಸಿಕೊಳ್ಳುವ ಚಟ ಒಮ್ಮೆ ಅಂಟಿಕೊಂಡರೆ ಅಷ್ಟು ಸುಲಭಕ್ಕೆ ಬಿಡುವುದುಂಟೇ? ಮಗಳ ಮುಖ ಸಪ್ಪಗಾದದ್ದು ಕಂಡಿತು. ಕಂಡರೂ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಸೀಟಿ ಊದಿಯೇಬಿಟ್ಟರು.

ಅವತ್ತು ಅವಳು ದೋಣಿ ನಡೆಸಿದ್ದನ್ನು ನೋಡಬೇಕಿತ್ತು. ಗಾಳಿಯ ಜೊತೆ ಹಟಕ್ಕೆ ಬಿದ್ದವಳ ಹಾಗೆ ಹಾಯಿ ತಿರುಗಿಸಿದಳು, ಅಂಗೈ ಕಿತ್ತುಹೋದರೂ ಹಗ್ಗ ಬಿಡಲಿಲ್ಲ. ಆ ಮರದ ಕೊರಡನ್ನು ಉಳಿದ ಮರದ ದೋಣಿಗಳೆಲ್ಲಕ್ಕಿಂತ ಎಷ್ಟೋ ಮುಂದೆ ತಂದು ನಿಲ್ಲಿಸಿದಳು. ಆದರೆ ಸಾಹುಕಾರರ ದೋಣಿ ಅವಳಿಗಿಂತ ಏಳು ನಿಮಿಷ ಮೊದಲೇ ಗುರಿ ಮುಟ್ಟಿತ್ತು. ಐದು ಕಳೆದರೂ ಎರಡು ಉಳಿಯಿತು. ಹತ್ತು ಕಳೆದಿದ್ದರೆ?

ಬಂದ ಹಣದಲ್ಲಿ ದಡದುದ್ದಕ್ಕೂ ತಮ್ಮ ತಂದೆಯ ಹೆಸರಿನ ಕಲ್ಲುಬೆಂಚು ಹಾಕಿಸುವುದಾಗಿ ಸಾಹುಕಾರರು ಸಾರಿದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಅವರೇ ಬಂದು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮಂಥೋರು ಸಿಗಲ್ಲ ಬಿಡಿ ಮೇಷ್ಟ್ರೇ. ಆ ದೋಣಿಗೆ ಹತ್ತು ಕೊಡ್ತೀರ, ಈ ಸಲ ನನ್ನ ಕಥೆ ಮುಗೀತು ಅಂದ್ಕೊಂಡಿದ್ದೆ. ಕೊಟ್ಟಿದ್ರೂ ಯಾರು ಏನಂತಿದ್ರು ಹೇಳಿ? ದೋಣಿ ಎಷ್ಟು ಭಾರ ಅಂತ ಎಲ್ರಿಗೂ ಗೊತ್ತಿರೋದೇ ತಾನೆ!"

ಅಷ್ಟು ದೂರದಲ್ಲಿ ಮಗಳು ಒಬ್ಬಳೇ ದೋಣಿಯನ್ನು ಮರಳಿನ ಮೇಲಕ್ಕೆ ಎಳೆಯುತ್ತಿದ್ದಳು. ಮೇಷ್ಟ್ರು ಚಪ್ಪಲಿ ಕಳಚಿಟ್ಟು, ಮೊಣಕಾಲುದ್ದ ನೀರಿಗಿಳಿದು, ಹಗ್ಗಕ್ಕೆ ಕೈ ಹಾಕಿದರು.

"ಕೊಡಮ್ಮ, ನಾನೂ ಎಳೀತೀನಿ. ಮುಂದಿನ ವರ್ಷ ಸರಿಯಾಗೇ ಕೊಡ್ತೀನಿ. ನನ್ನಾಣೆ."

ಮಗಳು ಅವರ ಬೆರಳುಗಳಿಂದ ಹಗ್ಗವನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬೇಡ ಬಿಡಿ ಮೇಷ್ಟ್ರೇ. ಯಾರಾದ್ರೂ ನೋಡಿದ್ರೆ, ಮಗಳಿಗೆ ಸಹಾಯ ಮಾಡಿದ್ರು ಅಂತಾರೆ."