ಒಳಗೆ ಬಿಟ್ಟ ಬಟ್ಟೆ

ಬೋಗುಣಿ ಖಾಲಿಯಾಗಿತ್ತು, ಇಲಿಯ ತೂಕ ಮಾತ್ರ ಮತ್ತೆ ಇಳಿದಿತ್ತು. ಡಾಕ್ಟರಮ್ಮ ತಕ್ಕಡಿಯ ಕಡೆ ಒಂದು ಸಲ, ಇಲಿಯ ಕಡೆ ಒಂದು ಸಲ ನೋಡಿದಳು. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೇ. ರೋಗಿಗಳ ಡಾಕ್ಟರಲ್ಲ, ಕೊಬ್ಬಿದ ಇಲಿಗಳಿಗೆ ಊಟದಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿದರೆ ಬೊಜ್ಜು ಕರಗಿ ಆಯಸ್ಸು ಹೆಚ್ಚುತ್ತದೆಯೇ ಎಂದು ನೋಡುವ ಡಾಕ್ಟರು.

“ಕೊಟ್ಟಿದ್ದೆಲ್ಲ ತಿಂದಿದೆ ಮೇಡಂ,” ಎಂದಳು ಜೊತೆ ಕೆಲಸದವಳು. “ಈ ಸಾಲಿನಲ್ಲೆಲ್ಲ ಚೆನ್ನಾಗಿ ಇಳೀತಿರೋದು ಇದೇ.”

“ಬೋಗುಣಿ ಖಾಲಿಯಾದ ಮಾತ್ರಕ್ಕೆ ತಿಂದಿದೆ ಅಂತ ಯಾರು ಹೇಳಿದ್ರು ನಿಂಗೆ? ಕೆಳಗಿನ ಮರದ ಪುಡಿ ಜರಡಿ ಹಿಡಿ ಮೊದಲು.”

ಜರಡಿಯಲ್ಲಿ ಉಳಿದದ್ದು ಒಂದು ಹಿಡಿ ತಿನಿಸಿನ ಚೂರು. ಡಾಕ್ಟರಮ್ಮ ಇಲಿಯ ಕುತ್ತಿಗೆಯ ಚರ್ಮ ಹಿಡಿದು ಬಾಯಿ ಬಿಡಿಸಿದಳು. ಮೇಲಿನ ಹಲ್ಲು ಉದ್ದ ಬೆಳೆದು, ಸೊಟ್ಟಗಾಗಿ, ಅಂಗುಳಕ್ಕೆ ಚುಚ್ಚಿಕೊಂಡಿತ್ತು. ಪಾಪದ ಪ್ರಾಣಿ ಹಸಿವಿಗೆ ಕಡಿಯುವುದು, ನುಂಗಲಾರದೆ ಉದುರಿಸುವುದು, ಇಷ್ಟೇ ಮಾಡಿಕೊಂಡು ಬಂದಿತ್ತು.

“ಅಯ್ಯೋ ಶಿವನೇ! ಉಪವಾಸ ಬಿದ್ದು ಸಾಯ್ತಿತ್ತಲ್ಲ ಇದು,” ಎಂದಳು ಜೊತೆಯವಳು. “ನಾವು ನೋಡಿದ್ರೆ ಭೇಷ್ ಭೇಷ್ ಅಂತಿದ್ವಿ.”

ಆ ಮಾತು ಡಾಕ್ಟರಮ್ಮನಿಗೆ ಯಾಕೋ ಇಡೀ ದಿನ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಯಾಕೆಂದು ಗೊತ್ತಾದದ್ದು ಸಂಜೆ, ಮನೆಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ. ಅಪ್ಪನ ಖಾಲಿ ತಟ್ಟೆ ಕಣ್ಣ ಮುಂದೆ ಬಂತು.

ಅವಳ ಅಪ್ಪ ದರ್ಜಿ. ಬೀದಿಯವರೆಲ್ಲ ‘ಆನೆ ಮಾಸ್ಟರು’ ಎನ್ನುತ್ತಿದ್ದ ಗಾತ್ರ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮಗಳ ಮಾತಿಗೆ ಕಟ್ಟುಬಿದ್ದು ತಟ್ಟೆಯಲ್ಲಿ ಮೂರನೇ ಒಂದು ಪಾಲು ಬಿಟ್ಟ, ಇಳಿದ, ಇಳಿಯುತ್ತಲೇ ಹೋದ. ಮೊನ್ನೆಮೊನ್ನೆ ದೊಡ್ಡ ಸಭೆಯಲ್ಲಿ ಇಲಿಗಳ ವಿಷಯ ಮುಗಿಸಿ, ಕೊನೆಗೆ ಪರದೆಯ ಮೇಲೆ ಅಪ್ಪನ ಎರಡು ಫೋಟೋ ತೋರಿಸಿದ್ದಳು, ದಪ್ಪಗಿದ್ದಾಗಿನದೊಂದು, ಈಗಿನದೊಂದು. ಚಪ್ಪಾಳೆಯೋ ಚಪ್ಪಾಳೆ. ಪ್ಯಾಂಟು ಸಡಿಲವಾದಾಗಲೆಲ್ಲ ಅಪ್ಪ ಅದರ ಸೊಂಟ ಕಿರಿದು ಮಾಡಿ ಹೊಲಿದುಕೊಳ್ಳುತ್ತಿದ್ದ. “ಒಳಗೆ ಬಟ್ಟೆ ಬಿಟ್ಟಿದೀನಿ ಕಣಮ್ಮ,” ಎನ್ನುತ್ತಿದ್ದ. “ಮನುಷ್ಯನ ಮೈ ಇವತ್ತು ಇಳಿಯುತ್ತೆ, ನಾಳೆ ಏರುತ್ತೆ. ಹೊಲಿಗೆ ಬಿಚ್ಚಿದ್ರೆ ಮುಗೀತು. ಒಳಗಿನ ಬಟ್ಟೆಗೆ ಕತ್ತರಿ ಹಾಕೋನು ದರ್ಜಿನೇ ಅಲ್ಲ.” ಗಿರಾಕಿಗಳ ಬಟ್ಟೆಗೂ ಅವನದು ಅದೇ ನೇಮ.

ಅವಳು ಮನೆಯೊಳಗೆ ಬಂದಾಗ ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಪಕ್ಕದ ಸ್ಟೂಲಿನ ಮೇಲೆ ತಟ್ಟೆ.

“ಊಟ ಆಯ್ತಾ ಅಪ್ಪ?”

“ಆಗಲೇ ಆಯ್ತು. ತಟ್ಟೆ ನೋಡು, ತೊಳೆಯೋದೇ ಬೇಡ.”

ಅವಳು ತಟ್ಟೆ ನೋಡಲಿಲ್ಲ. ಚಪ್ಪಲಿಯನ್ನೂ ಬಿಡದೆ ನೆಲಕ್ಕೆ ಮಂಡಿಯೂರಿ, ಯಂತ್ರದ ಕೆಳಗಿನ ಚಿಂದಿ ಚೀಲಕ್ಕೆ ಕೈ ಹಾಕಿದಳು. ಅಪ್ಪ ತಟ್ಟನೆ ಅದರ ಮೇಲೆ ಕಾಲಿಟ್ಟ.

“ಅದರಲ್ಲೇನಿದೆ ಮಣ್ಣು? ಬಿಡೇ.”

“ಕಾಲು ತೆಗಿ ಅಪ್ಪ.”

ಅವಳ ದನಿ ಕೇಳಿ ಅಪ್ಪ ಕಾಲು ತೆಗೆದ. ಚೀಲವನ್ನು ನೆಲಕ್ಕೆ ಸುರುವಿ ಅವಳು ಚಿಂದಿಯನ್ನು ಕೈಯಿಂದ ಕೆದಕಿದಳು. ಒಣಗಿದ ಬ್ರೆಡ್ಡಿನ ಚೂರು. ಬೆಂದ ತರಕಾರಿ, ಬಟ್ಟೆಗೆ ಮೆತ್ತಿಕೊಂಡದ್ದು. ಅಸ್ತರಿನ ತುಂಡಿನಲ್ಲಿ ಗಂಟು ಕಟ್ಟಿಟ್ಟ, ಅಗಿದು ಉಗುಳಿದ ತುತ್ತು. ಅವಳಿಗೆ ಅಳು ಬರಲಿಲ್ಲ, ಕೋಪ ಬಂತು. ಅಪ್ಪನ ಮೇಲಲ್ಲ.

“ಯಾವಾಗಿಂದ?”

“ಗಂಟಲಲ್ಲಿ ಏನೋ ಅಡ್ಡ ನಿಂತ ಹಾಗಿದೆ. ಮೊದಮೊದಲು ಗಟ್ಟಿ ಪದಾರ್ಥ ಇಳೀತಿರಲಿಲ್ಲ. ಈಗ ಒಂದೊಂದ್ಸಲ ನೀರೂ ವಾಪಸ್ ಬರುತ್ತೆ.”

“ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ? ಇಲಿಗಳಿಗೆ ಮಾತು ಬರಲ್ಲ ಅಪ್ಪ, ನಿನಗೇನಾಗಿತ್ತು?”

ಅಪ್ಪ ಯಂತ್ರದ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ. “ಹೇಳ್ಬೇಕು ಅಂತಲೇ ಇದ್ದೆ. ಅವತ್ತು ನೀನು ಆ ಸಭೆ ಮುಗಿಸ್ಕೊಂಡು ಕುಣೀತಾ ಬಂದೆ. ಅಪ್ಪ, ನಿನ್ನ ಫೋಟೋಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು ಅಂದೆ. ಓದಿದ ಕ್ಲಾಸಿನಲ್ಲೆಲ್ಲ ಡುಮ್ಕಿ ಹೊಡೆದವನು ಕಣೇ ನಾನು. ಹುಟ್ಟಿದ ಮೇಲೆ ಮೊದಲನೇ ಸಲ ಒಂದು ವಿಷಯದಲ್ಲಿ ಪಾಸಾಗಿದ್ದೆ. ಅದನ್ನೂ ಕಳ್ಕೊಳ್ಳೋಕೆ ಮನಸ್ಸು ಬರಲಿಲ್ಲ.”

ಅವಳು ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟಳು. “ನಾಳೆ ಬೆಳಿಗ್ಗೆನೇ ಆಸ್ಪತ್ರೆಗೆ ಹೋಗೋಣ. ಏನೂ ಆಗಿರಲ್ಲ. ಎಲ್ಲ ಸರಿಹೋಗುತ್ತೆ.”

“ಹೂಂ, ನಾಳೆ ಹೋಗೋಣ,” ಎಂದ ಅಪ್ಪ. ಬಟ್ಟೆ ಇನ್ನೂ ಕತ್ತರಿಸಿಯೇ ಇಲ್ಲದಾಗ ಗಿರಾಕಿಗೆ ‘ನಾಳೆ ಬನ್ನಿ’ ಎನ್ನುವ ದನಿ ಅದು. ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದ ದನಿ.

ಅವಳು ತಲೆ ತಗ್ಗಿಸಿ ಚಿಂದಿಯನ್ನು ಮತ್ತೆ ಚೀಲಕ್ಕೆ ತುಂಬತೊಡಗಿದಳು. ಎಲ್ಲವೂ ಗಿರಾಕಿಗಳ ಬಟ್ಟೆಯ ಬಣ್ಣಬಣ್ಣದ ಚೂರು. ತಳದಲ್ಲಿ ಒಂದು ಉದ್ದನೆಯ ಬೂದು ಪಟ್ಟಿ ಸಿಕ್ಕಿತು. ತಲೆಯೆತ್ತಿ ನೋಡಿದಳು. ಅಪ್ಪ ತೊಟ್ಟಿದ್ದ ಪ್ಯಾಂಟಿನದೇ ಬಟ್ಟೆ. ಸೊಂಟದ ಒಳಗೆ ಬಿಟ್ಟಿರುತ್ತಿದ್ದ ಅಂಚು. ಕತ್ತರಿ ಎಲ್ಲೂ ತಡವರಿಸದೆ, ನೇರವಾಗಿ ಹಾದಿತ್ತು.