ಬೋಳು ಜಾಗ

“ನಿನ್ನ ಹೊಟ್ಟೇಲಿ ಹುಟ್ಟಿದ್ದಿದ್ರೆ ಹೀಗೆ ನಿಧಾನ ಮಾಡ್ತಿದ್ಯಾ?” ತಡೆಯಲು ಬಂದವರನ್ನು ತಳ್ಳಿಕೊಂಡು ಲ್ಯಾಬಿಗೆ ನುಗ್ಗಿದ ಹಿರಿಯ ಓರಗಿತ್ತಿ ಕೇಳಿದಳು. ಅವಳ ಮಗಳು ಮೇಲಿನ ವಾರ್ಡಿನಲ್ಲಿ ಜ್ವರದಿಂದ ಬೇಯುತ್ತಿದ್ದಳು. ಕೊಟ್ಟ ಯಾವ ಔಷಧಿಯೂ ನಾಟಿರಲಿಲ್ಲ.

ಲ್ಯಾಬಿನಲ್ಲಿ ಡಾಕ್ಟರಾಗಿದ್ದ ಕಿರಿಯಳು ಮುಚ್ಚಳ ಹಾಕಿದ ಗಾಜಿನ ತಟ್ಟೆಯನ್ನು ದೀಪದ ಕೆಳಗೆ ಹಿಡಿದಿದ್ದಳು. ಮಗುವಿನ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಅದರ ತುಂಬ ಹಬ್ಬಿತ್ತು. ನಡುನಡುವೆ, ಬೇರೆ ಬೇರೆ ಔಷಧಿಯಲ್ಲಿ ಅದ್ದಿದ ಪುಟ್ಟ ಬಿಲ್ಲೆಗಳು.

“ಚೆನ್ನಾಗೇ ಇದ್ಯಲ್ಲ, ಕೆನೆ ಕಟ್ಟಿದ ಹಾಗೆ.” ಓರಗಿತ್ತಿ ಬೆರಳು ಚಾಚಿದಳು. “ಇದೊಂದು ಬಿಲ್ಲೆ ಸುತ್ತ ಬೋಳಾಗಿದೆ. ಇದೇ ತಾನೆ ಕೆಟ್ಟಿರೋದು? ನನ್ನಿಂದ ಮುಚ್ಚಿಡೋಕೆ ನೋಡ್ತಿದ್ದೀಯಾ?”

“ಆ ಕೆನೆಯೇ ರೋಗ, ಅಕ್ಕಾ. ಉಳಿದ ಬಿಲ್ಲೆಗಳಿಗೆ ಕ್ಯಾರೇ ಅನ್ನದೆ ಬೆಳೆದಿದೆ. ಅದು ಸತ್ತಿರೋದು ಆ ಬೋಳು ಜಾಗದಲ್ಲಿ ಮಾತ್ರ. ಪುಟ್ಟಿಗೆ ನಾಟೋ ಔಷಧಿ ಅಂದ್ರೆ ಅದೊಂದೇ.”

ಚಾಚಿದ ಬೆರಳು ಅಲ್ಲೇ ನಿಂತಿತು. “ಒಂದೇನಾ?”

ಕಿರಿಯಳು ವಾರ್ಡಿಗೆ ಫೋನೆತ್ತಿದಳು. ಅಕ್ಕನ ದನಿಯನ್ನು ಒಮ್ಮೆಯಾದರೂ ಕೊಂಕಿಲ್ಲದೆ ಕೇಳಬೇಕೆಂದು ಮದುವೆಯಾದಾಗಿನಿಂದ ಹಂಬಲಿಸಿದ್ದಳು. ಈಗ ಕೇಳಿದ ಮೇಲೆ, ಆ ಬೈಗುಳವೇ ವಾಸಿಯಿತ್ತು ಅನ್ನಿಸಿತು.